ತುದಿ ಮಾತ್ರ ಕೆಂಪಾಗುವ ಟ್ಯೂಬ್‌ಲೈಟ್: ಸ್ಟಾರ್ಟರೋ, ಚೋಕೋ?

ಪ್ರಶ್ನೆ: ಅಡುಗೆಮನೆಯಲ್ಲಿ ನಾಲ್ಕಡಿಯ ಟ್ಯೂಬ್ ಇದೆ, ಹಳೇ ತಾಮ್ರದ ಚೋಕ್. ಸ್ವಿಚ್ ಹಾಕಿದರೆ ಎರಡೂ ತುದಿ ಕೆಂಪಗೆ ಹೊಳೆಯುತ್ತವೆ, ನಡುವೆ ಹತ್ತುವುದಿಲ್ಲ. ಸಂಜೆ ಇನ್ನೂ ಕಷ್ಟ. ಅಂಗಡಿಯವರು ಇಡೀ ಸೆಟ್ ಬದಲಿಸಿ ಅಂತಾರೆ. ಬೇಕಾ ಅಣ್ಣ?

ಉತ್ತರ: ಈಗಲೇ ಬೇಡ. ಎರಡೂ ತುದಿ ಹೊಳೆಯುತ್ತಿವೆ ಎಂದರೆ ಕರೆಂಟಿಗೆ ಮಿತಿ ಹಾಕುವ ಚೋಕ್, ತುದಿಗಳಲ್ಲಿ ಕಾಯುವ ಎರಡು ಫಿಲಮೆಂಟ್ ತಂತಿ, ಸ್ಟಾರ್ಟರ್ ಎಲ್ಲದರಲ್ಲೂ ಕರೆಂಟ್ ಹರಿಯುತ್ತಿದೆ, ಎಲ್ಲೂ ಕಡಿದಿಲ್ಲ. ಸ್ಟಾರ್ಟರ್ ಒಳಗಿನ ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡಿರಬೇಕು, ಇಲ್ಲವೇ ಅದರ ಪುಟ್ಟ ಕೆಪಾಸಿಟರ್ ಶಾರ್ಟ್ ಆಗಿರಬೇಕು. ಸ್ಟಾರ್ಟರ್ ಬಿಟ್ಟುಕೊಂಡ ಕ್ಷಣದಲ್ಲಿ ಚೋಕ್ ಕೊಡುವ ಹೆಚ್ಚಿನ ವೋಲ್ಟೇಜಿನಿಂದಲೇ ಟ್ಯೂಬ್ ಹತ್ತುವುದು. ಅದು ಬಿಡದೇ ಹೋದರೆ ತುದಿ ಕಾಯುತ್ತಲೇ ಇರುತ್ತದೆ, ಟ್ಯೂಬಿನ ಆಯಸ್ಸೂ ಸವೆಯುತ್ತದೆ.

ಒಣ ಮರದ ಸ್ಟೂಲಿನ ಮೇಲೆ ನಿಂತು, ತುದಿ ಹೊಳೆಯುತ್ತಿರುವಾಗಲೇ ಸ್ಟಾರ್ಟರ್ ತಿರುಗಿಸಿ ಹೊರತೆಗೆಯಿರಿ. ಟ್ಯೂಬ್ ತಟ್ಟನೆ ಹತ್ತಿದರೆ ದೋಷ ಸ್ಟಾರ್ಟರಿನದೇ. 4-65 ವ್ಯಾಟ್ ಎಂದು ಬರೆದ ಹೊಸದನ್ನು ಹಾಕಿ. ಸ್ಟಾರ್ಟರಿನ ಕವಚ ಪ್ಲಾಸ್ಟಿಕ್ ಆಗಿದ್ದರೆ ಮಾತ್ರ ಹೀಗೆ ಮಾಡಿ; ಅಲ್ಯುಮಿನಿಯಂ ಆಗಿದ್ದರೆ ಅಥವಾ ಒಡೆದಿದ್ದರೆ ಮೇನ್ ಆಫ್ ಮಾಡಿ ನೇರವಾಗಿ ಬದಲಿಸಿಬಿಡಿ.

ತೆಗೆದರೂ ಹತ್ತಲಿಲ್ಲವೇ? ಸಂಜೆ ಪಂಪ್‌ಸೆಟ್ ಓಡುವ ಹೊತ್ತಿಗೆ ಮೀಟರಿನಲ್ಲಿ ವೋಲ್ಟೇಜ್ ನೋಡಿ. 180ರ ಆಸುಪಾಸಿಗೆ ಇಳಿದಿದ್ದರೆ ತಾಮ್ರದ ಚೋಕ್ ಟ್ಯೂಬ್ ಹತ್ತಿಸಲು ಒದ್ದಾಡುತ್ತದೆ. ಅಂಥ ಕಡೆ ಎಲೆಕ್ಟ್ರಾನಿಕ್ ಚೋಕ್ ವಾಸಿ, ಅದಕ್ಕೆ ಸ್ಟಾರ್ಟರ್ ಬೇಕಿಲ್ಲ. ವೋಲ್ಟೇಜ್ ಸರಿಯಿದ್ದು ಟ್ಯೂಬಿನ ತುದಿ ಕಪ್ಪಗಾಗಿದ್ದರೆ ಟ್ಯೂಬಿನ ಕಾಲ ಮುಗಿದಿದೆ.

ಪ್ರಶ್ನೆ: ಸ್ಟಾರ್ಟರ್ ತೆಗೆದ ಕೂಡಲೇ ಹತ್ತಿತು, ಹೊಸದು ಹಾಕಿದೆ, ಸರಿಯಾಯಿತು. ಕೊಟ್ಟಿಗೆಯದು ಬೇರೆ ಥರ. ಹೊಸ ಟ್ಯೂಬ್ ಹಾಕಿದೊಡನೆ ಫಳ್ ಎಂದು ಮಿಂಚಿ ಸತ್ತುಹೋಯಿತು.

ಉತ್ತರ: ದಯವಿಟ್ಟು ಅಲ್ಲಿಗೆ ಇನ್ನೊಂದು ಟ್ಯೂಬ್ ಹಾಕಬೇಡಿ, ಅದೂ ಸುಡುತ್ತದೆ. ಅಲ್ಲಿ ಚೋಕ್ ಶಾರ್ಟ್ ಆಗಿದೆ, ಅಥವಾ ಯಾರೋ ಚೋಕ್ ಬಿಟ್ಟು ಫೇಸ್ (ಕರೆಂಟ್ ಬರುವ ವೈರ್) ನೇರವಾಗಿ ಕೊಟ್ಟಿದ್ದಾರೆ. ಕರೆಂಟಿಗೆ ಮಿತಿ ಹಾಕುವುದು ಚೋಕ್ ಒಂದೇ. ಮೇನ್ ಆಫ್ ಮಾಡಿ, ಚೋಕಿನ ಒಂದು ವೈರ್ ಬಿಚ್ಚಿ, ಮಲ್ಟಿಮೀಟರ್ ಓಮ್‌ನಲ್ಲಿಟ್ಟು ಅಳೆಯಿರಿ. 40 ವ್ಯಾಟ್ ತಾಮ್ರದ ಚೋಕ್ ಸುಮಾರು 25ರಿಂದ 45 ಓಮ್ ತೋರಿಸುತ್ತದೆ. ಅಡುಗೆಮನೆಯ ಚೋಕನ್ನೂ ಹೀಗೇ ಅಳೆದು ಹೋಲಿಸಿದರೆ ಅನುಮಾನ ಉಳಿಯದು. ಕೊಟ್ಟಿಗೆಯದು ತೀರಾ ಕಡಿಮೆ ತೋರಿಸಿದರೆ ಶಾರ್ಟ್, ಏನೂ ತೋರಿಸದಿದ್ದರೆ ಒಳಗೆ ಕಡಿದಿದೆ. ಎರಡಕ್ಕೂ ಹೊಸ ಚೋಕೇ ಮದ್ದು. ಕೊಟ್ಟಿಗೆಯಲ್ಲಿ ತೇವ ಹೆಚ್ಚು, ಕಬ್ಬಿಣದ ಪಟ್ಟಿಗೆ ಅರ್ತ್ ವೈರ್ ಇದೆಯೇ ಎಂದೂ ನೋಡಿ. ಇಲ್ಲದಿದ್ದರೆ ಮೊದಲು ಅದನ್ನೇ ಕೊಡಿಸಿ.

ಮತ್ತೊಬ್ಬರ ಪ್ರಶ್ನೆ: ಸ್ವಿಚ್ ಆಫ್ ಮಾಡಿದರೂ ನಮ್ಮ ಟ್ಯೂಬ್ ಮಂದವಾಗಿ ಮಿನುಗುತ್ತದೆ. ಎಲ್‌ಇಡಿ ಟ್ಯೂಬ್ ಹಾಕಿದರೆ ಹೋಗುತ್ತದಾ?

ಉತ್ತರ: ಹೋಗುವುದಿಲ್ಲ. ನಿಮ್ಮ ಸ್ವಿಚ್ ಬಹುಶಃ ಫೇಸ್ ಬದಲು ನ್ಯೂಟ್ರಲ್‌ಗೆ ಬಿದ್ದಿದೆ, ಹಾಗಾಗಿ ಆಫ್ ಮಾಡಿದರೂ ಫೇಸ್ ಟ್ಯೂಬಿನವರೆಗೆ ಬರುತ್ತಲೇ ಇರುತ್ತದೆ. ಸ್ವಿಚ್ ಆಫ್ ಇರುವಾಗ ಹೋಲ್ಡರಿನಲ್ಲಿ ಟೆಸ್ಟರ್ ಹೊಳೆದರೆ ಅದೇ ಕಾರಣ. ಟ್ಯೂಬ್ ಬದಲಿಸುವಾಗ ಶಾಕ್ ಹೊಡೆಯುವುದೂ ಇದರಿಂದಲೇ, ಹಾಗಾಗಿ ಎಲೆಕ್ಟ್ರಿಷಿಯನ್ ಕರೆಸಿ ಸ್ವಿಚ್ಚನ್ನು ಫೇಸ್‌ಗೆ ತರಿಸಿ. ಆಮೇಲೆ ಎಲ್‌ಇಡಿ ಹಾಕುವುದಾದರೆ ಅದರ ಪೆಟ್ಟಿಗೆಯ ಮೇಲಿನ ವೈರಿಂಗ್ ಚಿತ್ರ ನೋಡಿ. ಕೆಲವಕ್ಕೆ ಫೇಸ್, ನ್ಯೂಟ್ರಲ್ ಎರಡೂ ಒಂದೇ ತುದಿಗೆ, ಕೆಲವಕ್ಕೆ ಒಂದೊಂದು ತುದಿಗೆ ಒಂದೊಂದು. ಮನೆಯ ಕರೆಂಟಿಗೆ ನೇರವಾಗಿ ಜೋಡಿಸುವ ಎಲ್‌ಇಡಿ ಆದರೆ ಚೋಕ್, ಸ್ಟಾರ್ಟರ್ ಎರಡನ್ನೂ ಕಳಚಿ. ತೆಗೆದ ಹಳೇ ಟ್ಯೂಬಿನಲ್ಲಿ ಪಾದರಸ ಇರುತ್ತದೆ. ಒಡೆಯಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.