ಸೆಲ್ಫ್ ತಿರುಗುತ್ತದೆ, ಲಾರಿ ಸ್ಟಾರ್ಟ್ ಆಗಲ್ಲ: ಯಾರಿಗಾದರೂ ಹೀಗೆ ಆಗಿತ್ತಾ?

ದಾವಣಗೆರೆ ಎಪಿಎಂಸಿ ಹತ್ತಿರ ಮೆಕ್ಕೆಜೋಳ ಹೇರಿಕೊಂಡು ನಿಂತಿದ್ದೇನೆ. ಹಳೇ ಲಾರಿ, ಆರು ಸಿಲಿಂಡರ್, ಮೆಕ್ಯಾನಿಕಲ್ ಡೀಸೆಲ್ ಪಂಪ್. ರಾತ್ರಿ ಚೆನ್ನಾಗೇ ಓಡಿತ್ತು. ಬೆಳಗ್ಗೆ ಸೆಲ್ಫ್ ಹೊಡೆದರೆ ಜೋರಾಗಿ ತಿರುಗುತ್ತದೆ, ಇಂಜಿನ್ ಹತ್ತುವುದಿಲ್ಲ. ಪಂಪ್ ಬಿಚ್ಚಿ ಲ್ಯಾಬಿಗೆ ಕೊಡೋಣ ಅಂತ ಮೆಕ್ಯಾನಿಕ್ ಹೇಳುತ್ತಿದ್ದಾನೆ. ಕೊಡಲಾ?

ಚಿತ್ರದುರ್ಗದಿಂದ: ಬೇಡ, ಈಗಲೇ ಪಂಪಿಗೆ ಕೈ ಹಾಕಿಸಬೇಡಿ. ಕ್ಲೀನರ್‌ಗೆ ಸೆಲ್ಫ್ ಹೊಡೆಯಲು ಹೇಳಿ, ನೀವು ಸೈಲೆನ್ಸರ್ ಹತ್ತಿರ ನಿಂತು ನೋಡಿ. ಒಂಚೂರೂ ಹೊಗೆ ಇಲ್ಲ ಅಂದರೆ ಸಿಲಿಂಡರಿಗೆ ಡೀಸೆಲ್ಲೇ ಹೋಗುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ; ಆಗ ಕಂಪ್ರೆಷನ್, ಟೈಮಿಂಗ್ ಕಡೆ ನೋಡಬೇಕು.

ನಾನು ಭರಮಸಾಗರದ ಹತ್ತಿರ ಹೀಗೇ ನಿಂತು, ಸುಮ್ನೆ ಪಂಪ್ ಬಿಚ್ಚಿಸಿ, ಮೂರು ದಿನ ಲೋಡ್ ಸಮೇತ ಕಾದಿದ್ದೇನೆ. ಪಂಪ್ ಸರಿಯಾಗೇ ಇತ್ತು. ಟ್ಯಾಂಕಿನಿಂದ ಬರುವ ರಬ್ಬರ್ ಪೈಪ್ ಕ್ಲಿಪ್ಪಿನ ಕೆಳಗೆ ಕೂದಲೆಳೆಯಷ್ಟು ಸೀಳಿತ್ತು. ಅಲ್ಲಿ ಡೀಸೆಲ್ ಹೊರಗೆ ಸೋರುವುದಿಲ್ಲ ನೋಡಿ, ಅದೇ ಮೋಸ. ಅದು ಫೀಡ್ ಪಂಪ್ (ಟ್ಯಾಂಕಿನಿಂದ ಡೀಸೆಲ್ ತರುವ ಚಿಕ್ಕ ಪಂಪ್) ಎಳೆಯುವ ಕಡೆ ಆದ್ದರಿಂದ ಗಾಳಿ ಒಳಗೆ ನುಗ್ಗುತ್ತದೆ, ಗಾಡಿ ರಾತ್ರಿಯಿಡೀ ನಿಂತರೆ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ, ಬೆಳಗ್ಗೆ ಲೈನ್ ಖಾಲಿ.

ಮೊದಲು ಇಂಜಿನ್ ಆಫ್ ಮಾಡುವ ಸ್ಟಾಪ್ ಕೇಬಲ್ ಎಳೆದ ಜಾಗದಲ್ಲೇ ಸಿಕ್ಕಿಕೊಂಡಿದೆಯಾ ನೋಡಿ (ನಗಬೇಡಿ, ಆಗುತ್ತದೆ). ಆಮೇಲೆ ಡೀಸೆಲ್ ಫಿಲ್ಟರ್ ಮೇಲಿನ ಬ್ಲೀಡಿಂಗ್ ಸ್ಕ್ರೂ (ಗಾಳಿ ಹೊರಗೆ ಬಿಡುವ ಸ್ಕ್ರೂ) ಸಡಿಲಿಸಿ ಹ್ಯಾಂಡ್ ಪಂಪ್ ಹೊಡೆಯಿರಿ. ನೊರೆ ಬಂದರೆ ಏರ್ ಹಿಡಿದಿದೆ. ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಹೊಡೆದು ಸ್ಕ್ರೂ ಬಿಗಿ ಮಾಡಿ. ಸ್ಟಾರ್ಟ್ ಆದರೂ ಕೆಲಸ ಮುಗಿಯಲಿಲ್ಲ, ಗಾಳಿ ಎಲ್ಲಿಂದ ಬಂತು ಅಂತ ಹುಡುಕಬೇಕಲ್ವಾ? ಒಂದು ಕ್ಯಾನಿನಲ್ಲಿ ಡೀಸೆಲ್ ಹಾಕಿ, ಎತ್ತರಕ್ಕೆ ಕಟ್ಟಿ, ಹೊಸ ಪೈಪಿನಿಂದ ನೇರ ಫೀಡ್ ಪಂಪಿಗೆ ಕೊಡಿ. ಅದರಲ್ಲಿ ಸರಿಯಾಗಿ ಓಡಿದರೆ ತೊಂದರೆ ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆಯೇ ಇದೆ.

ಹಿರಿಯೂರಿನಿಂದ: ಹುಡುಕುತ್ತಾ ಬ್ಯಾಟರಿ ಸಾಯಿಸಬೇಡಿ. ಒಂದು ಸಲಕ್ಕೆ 10 ಸೆಕೆಂಡ್ ಸಾಕು, ಆಮೇಲೆ ಒಂದೆರಡು ನಿಮಿಷ ಬಿಡಿ, ಇಲ್ಲದಿದ್ದರೆ ಸೆಲ್ಫ್ ಮೋಟರ್ ಸುಟ್ಟುಹೋಗುತ್ತದೆ. ಸೆಲ್ಫ್ ಹೊಡೆಯುವಾಗ 24 ವೋಲ್ಟ್ ಇರಬೇಕಾದದ್ದು 18ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಇಲ್ಲವೇ ಅರ್ತ್ ಕೇಬಲ್ ಮೇಲೆ ಅನುಮಾನ ಪಡಿ.

ಹರಿಹರದಿಂದ: ಇದನ್ನು ಓದಿ ಹೊಸ ಬಿಎಸ್ 6 ಗಾಡಿಯವರು, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ಪೈಪಿನ ನಟ್ ಸಡಿಲಿಸಲು ಹೋಗಬೇಡಿ. ಹಳೇ ಪಂಪಿನಲ್ಲಿ ನಾವೆಲ್ಲ ಹಾಗೆ ಏರ್ ತೆಗೆದವರೇ. ಹೊಸ ಗಾಡಿಯಲ್ಲಿ ಎಲ್ಲ ನಾಝಲ್ಲಿಗೂ ಡೀಸೆಲ್ ಹಂಚುವ ಕಾಮನ್ ರೈಲ್‌ನಲ್ಲಿ ಒತ್ತಡ ಸಾವಿರ ಬಾರ್‌ಗೂ ಜಾಸ್ತಿ ಹೋಗುತ್ತದೆ, ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಅದಕ್ಕೆ ಸ್ಕ್ಯಾನರ್ ಇರುವವರನ್ನೇ ಕರೆಸಿ.

ಕೇಳಿದವರು, ಸಂಜೆ: ಹೊಗೆ ಇರಲಿಲ್ಲ. ಹ್ಯಾಂಡ್ ಪಂಪ್ ಹೊಡೆದರೆ ಬರೀ ನೊರೆ. ಕ್ಯಾನಿನಲ್ಲಿ ಕೊಟ್ಟ ತಕ್ಷಣ ಹತ್ತಿತು, ಅರ್ಧ ಗಂಟೆ ನಿಲ್ಲದೆ ಓಡಿತು. ಪೈಪ್ ಪೂರ್ತಿ ನೋಡಿದೆ, ಚೆನ್ನಾಗಿತ್ತು. ಹೋದ ವಾರ ಅದೇ ಲೈನಿನ ವಾಟರ್ ಸೆಪರೇಟರ್ (ಡೀಸೆಲ್ಲಿನಿಂದ ನೀರು ಬೇರೆ ಮಾಡುವ ಫಿಲ್ಟರ್) ತೊಳೆದಾಗ ಹಳೇ ತಾಮ್ರದ ವಾಷರನ್ನೇ ವಾಪಸ್ ಹಾಕಿದ್ದರು. ಗಾಳಿ ಅಲ್ಲಿಂದಲೇ ನುಗ್ಗುತ್ತಿತ್ತು ಅನ್ನಿಸಿ ಅದನ್ನು ಬದಲಾಯಿಸಿದೆ. ಈಗ ಲಾರಿ ಟ್ಯಾಂಕಿನ ಡೀಸೆಲ್ಲಿನಲ್ಲೇ ಓಡುತ್ತಿದೆ. ನಾಳೆ ಬೆಳಗ್ಗೆ ಒಂದೇ ಸೆಲ್ಫಿಗೆ ಹತ್ತಿದರೆ ಹೊರಡುತ್ತೇನೆ.