ಅಪ್‌ಡೇಟ್: ಬಯೋಮೆಕ್ಯಾನಿಕ್ಸ್ ಕೊನೆಗೂ ತಲೆಗೆ ಹತ್ತಿತು

ಗಣಿತದ ಹಿನ್ನೆಲೆಯಿಲ್ಲದೆ ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿಗೆ ಸೇರಿರುವ ನಾನು, ಬಯೋಮೆಕ್ಯಾನಿಕ್ಸ್ (ದೇಹದ ಚಲನೆಯನ್ನು ಬಲ, ವೇಗಗಳ ಲೆಕ್ಕದಲ್ಲಿ ವಿವರಿಸುವ ಶಾಸ್ತ್ರ) ವಿಷಯವನ್ನು ಹೇಗೆ ಓದಬೇಕೆಂದು ಎರಡು ವಾರಗಳ ಹಿಂದೆ ಕೇಳಿದ್ದೆ. ಸೂತ್ರಗಳನ್ನು ಬರೆದು ಬರೆದು ಬಾಯಿಪಾಠ ಮಾಡುವ ಸಲಹೆ ನನಗೆ ಕೈಕೊಟ್ಟಿತು. ಮೂರನೆಯ ದಿನಕ್ಕೇ ಎಲ್ಲವೂ ಕಲಸುಮೇಲೋಗರವಾಯಿತು.

ಫಲ ಕೊಟ್ಟದ್ದು, ಮೈದಾನದಲ್ಲಿ ನಡೆಯುವ ಜಿಗಿತವನ್ನೇ ಚಿತ್ರೀಕರಿಸಿ ಅಳೆಯಿರಿ ಎಂದವರ ಮಾತು. ಸಹಪಾಠಿಯೊಬ್ಬರ ಉದ್ದ ಜಿಗಿತವನ್ನು ಪಕ್ಕದಿಂದ, ಸ್ಟ್ಯಾಂಡಿನ ಮೇಲಿಟ್ಟ ಮೊಬೈಲಿನಲ್ಲಿ ಸೆಕೆಂಡಿಗೆ 240 ಫ್ರೇಮ್‌ಗಳಂತೆ ಸೆರೆಹಿಡಿದು, ಪಾದವು ಹಲಗೆಯನ್ನು ಬಿಟ್ಟ ಕ್ಷಣದಿಂದ ಹಿಮ್ಮಡಿ ಮರಳಿಗೆ ತಾಗುವವರೆಗೆ ಎಣಿಸಿದಾಗ 156 ಫ್ರೇಮ್‌ಗಳು, ಅಂದರೆ 0.65 ಸೆಕೆಂಡು ಸಿಕ್ಕಿತು. ಅಚ್ಚರಿಯೆಂದರೆ, ಜಿಗಿತದ ಕೋನ, ಅಂದರೆ ಹಲಗೆ ಬಿಡುವಾಗ ದೇಹ ನೆಲದಿಂದ ಮೇಲೇರುವ ಓರೆ, ಸುಮಾರು 19 ಡಿಗ್ರಿಯಷ್ಟೇ ಬಂದಿತು. ಅತಿ ದೂರ ಹೋಗಲು 45 ಡಿಗ್ರಿಯೇ ಸರಿಯೆಂದು ಓದಿಕೊಂಡಿದ್ದ ನಾನು ಲೆಕ್ಕವನ್ನು ಮೂರು ಸಲ ಮಾಡಿ ನೋಡಿದೆ! ನುರಿತ ಜಿಗಿತಗಾರರ ಕೋನವೂ 20ರ ಆಸುಪಾಸಿನಲ್ಲೇ ಇರುತ್ತದೆಂದೂ, ಇನ್ನೂ ಕಡಿದಾಗಿ ಏರಲು ಹೋದರೆ ಓಟದ ವೇಗವನ್ನೇ ಬಿಟ್ಟುಕೊಡಬೇಕಾಗುತ್ತದೆಂದೂ ಅಧ್ಯಾಪಕರು ವಿವರಿಸಿದರು.

ಕ್ಯಾಮೆರಾ ಓರೆಯಾದರೆ ಅಳತೆ ಕೆಡುತ್ತದೆ. ನನ್ನ ಮೊದಲ ದಿನದ ಚಿತ್ರೀಕರಣವೆಲ್ಲ ಹಾಗೆಯೇ ವ್ಯರ್ಥವಾಯಿತು. ಆಂತರಿಕ ಪರೀಕ್ಷೆಯಲ್ಲಿ ಉತ್ತೀರ್ಣನಾಗಿದ್ದೇನೆ. ಸಂಖ್ಯಾಶಾಸ್ತ್ರ ಮಾತ್ರ ಇನ್ನೂ ಬಾಕಿಯಿದೆ.