ಅಪ್‌ಡೇಟ್: ಹಂಚಿಕೆಯ ಪ್ಯಾಕೇಜ್ ಕೊನೆಗೂ ಆ್ಯಪ್‌ಗೆ ಸಿಕ್ಕಿತು

ಮಾನೊರೆಪೊದಲ್ಲಿ (ಹಲವು ಪ್ರಾಜೆಕ್ಟ್‌ಗಳ ಕೋಡ್ ಒಟ್ಟಿಗಿರುವ ಭಂಡಾರ, ಅಂದರೆ ರೆಪೊ) ವೆಬ್‌ಗೆ ಸಿಗುವ ಹಂಚಿಕೆಯ ಪ್ಯಾಕೇಜ್ ರಿಯಾಕ್ಟ್ ನೇಟಿವ್‌ನಲ್ಲಿ (ಮೊಬೈಲ್ ಆ್ಯಪ್ ಕಟ್ಟುವ ಚೌಕಟ್ಟು) ಬರೆದ ಆ್ಯಪ್‌ಗೆ ಮಾತ್ರ ಏಕೆ ಕಾಣುತ್ತಿಲ್ಲ ಎಂದು ಮೊನ್ನೆ ಕೇಳಿದ್ದೆ. ಬಗೆಹರಿಯಿತು. ಸಿಮ್‌ಲಿಂಕ್ (ಬೇರೆಡೆ ಇರುವ ಫೋಲ್ಡರ್‌ಗೆ ದಾರಿ ತೋರುವ ಕೊಂಡಿ) ಮೇಲೆ ಸುಮ್ಮನೆ ಗೂಬೆ ಕೂರಿಸಿದ್ದೆ. ರಿಯಾಕ್ಟ್ ನೇಟಿವ್ 0.73ರಿಂದ ಮೆಟ್ರೊ (ಆ್ಯಪ್‌ನ ಕೋಡನ್ನೆಲ್ಲ ಒಟ್ಟುಗೂಡಿಸುವ ಸಾಧನ) ಅಂಥ ಕೊಂಡಿಯನ್ನು ತಾನಾಗಿಯೇ ಅನುಸರಿಸುತ್ತದೆ. ಆದರೆ ಹೇಳದ ಹೊರತು ಆ್ಯಪ್‌ನ ಫೋಲ್ಡರ್ ಆಚೆ ಕಣ್ಣೆತ್ತಿಯೂ ನೋಡುವುದಿಲ್ಲ. ಮೆಟ್ರೊ ಕಾನ್ಫಿಗ್‌ನ ‘ವಾಚ್‌ಫೋಲ್ಡರ್ಸ್’ಗೆ (ಅದು ಕಣ್ಣಿಡಬೇಕಾದ ಫೋಲ್ಡರ್‌ಗಳ ಪಟ್ಟಿ) ರೆಪೊದ ಮೂಲ ಫೋಲ್ಡರ್ ಸೇರಿಸಿದೆ, ಸಿಕ್ಕಿತು.

ಖುಷಿಯಲ್ಲಿ ದಾವಣಗೆರೆಯ ಗಡಿಯಾರ ಕಂಬದ ಕಡೆ ಹೋಗಿ ಬೆಣ್ಣೆ ದೋಸೆ ತಿಂದು ಬಂದು ನೋಡಿದರೆ ಕೆಂಪು ಪರದೆ: ‘ಇನ್‌ವ್ಯಾಲಿಡ್ ಹುಕ್ ಕಾಲ್’ (ರಿಯಾಕ್ಟ್‌ನ ಹುಕ್ ಎಂಬ ಫಂಕ್ಷನ್ ಬಳಕೆ ತಪ್ಪಾಗಿದೆ ಎಂಬ ದೋಷ)! ಹಂಚಿಕೆಯ ಪ್ಯಾಕೇಜ್ ತನ್ನದೇ ಬೇರೆ ರಿಯಾಕ್ಟ್ ಪ್ರತಿಯನ್ನು ಹೊತ್ತು ತಂದಿತ್ತು. ಆ ಪ್ಯಾಕೇಜ್‌ನಲ್ಲಿ ರಿಯಾಕ್ಟ್ ಅನ್ನು ‘ಪಿಯರ್ ಡಿಪೆಂಡೆನ್ಸೀಸ್’ಗೆ (ಆ್ಯಪ್‌ನ ಪ್ರತಿಯನ್ನೇ ಬಳಸು ಎನ್ನುವ ಪಟ್ಟಿ) ಸರಿಸಿ, ‘ನೋಡ್ ಮಾಡ್ಯೂಲ್ಸ್’ (ಇನ್‌ಸ್ಟಾಲ್ ಆದ ಪ್ಯಾಕೇಜ್‌ಗಳ ಫೋಲ್ಡರ್) ಅಳಿಸಿ ಮರಳಿ ಇನ್‌ಸ್ಟಾಲ್ ಮಾಡಿದೆ. ಆದರೂ ಅದೇ ಪರದೆ. ಕೊನೆಗೆ, ಮೊನ್ನೆಯ ನನ್ನ ಪ್ರಶ್ನೆಗೆ ‘ಮೊದಲು ಕ್ಯಾಶ್ (ಮೆಟ್ರೊ ಉಳಿಸಿಟ್ಟುಕೊಂಡ ಹಳೆಯ ಪ್ರತಿ) ಅಳಿಸಿ’ ಎಂದಿದ್ದ ಚಿತ್ರದುರ್ಗದ ಹಿರಿಯರ ಮಾತು ನೆನಪಾಯಿತು. ಅಳಿಸಿದೆ, ಸರಿಹೋಯಿತು. ಸರ್, ನಿಮ್ಮ ಮಾತನ್ನು ಅಂದೇ ಕೇಳಬೇಕಿತ್ತು.